ಅಕ್ಕನ ಕಾರಿನ ಹೊಸ್ತಿಲು

ಸ್ಕ್ರೂಡ್ರೈವರ್ ಎನ್ನುವುದು ಕಬ್ಬಿಣದ ಒಳಕ್ಕೆ ಹೋಗಬಾರದು. ಹೋಯಿತು ಅಂದರೆ ಅದು ಕಬ್ಬಿಣವಲ್ಲ. ನಾಗಮಂಗಲದಲ್ಲಿ ಗಾಡಿಗಳನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರು ನಮ್ಮ ಅಕ್ಕನ ಅಂಬಾಸಡರ್ ಕಾರಿನ ಎಡಗಡೆ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರು. ಬೇಯಿಸಿದ ಗೆಣಸಿಗೆ ಕಡ್ಡಿ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಹೊರಕ್ಕೆ ಎಳೆದರು. ತೂತಿನಿಂದ ಮೊದಲು ತುಕ್ಕಿನ ಪುಡಿ ಉದುರಿತು, ಅದರ ಹಿಂದೆಯೇ ಅಕ್ಕಿ ಉದುರಿತು.

ಅಕ್ಕಿ ಅಂದರೆ ಅಕ್ಕಿಯೇ. ಮಣ್ಣಿನ ಬಣ್ಣಕ್ಕೆ ತಿರುಗಿದ್ದ ಒಂದು ಹಿಡಿ ಅಕ್ಕಿ. ಇನ್‌ಸ್ಪೆಕ್ಟರು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು.

"ಏನಮ್ಮ ಇದು, ಕಾರೋ ಕಣಜವೋ?"

ಒಳ್ಳೆಯ ಮನುಷ್ಯರು, ನಗುತ್ತಲೇ ಕೇಳಿದರು. ಆದರೆ ಮುಂದಿನ ಮಾತನ್ನು ನಗದೇ ಹೇಳಿದರು. "ಇದು ಗಟ್ಟಿ ಇಲ್ದೆ ಗಾಡೀನ ರೋಡಿಗೆ ಬಿಡಕ್ಕಾಗಲ್ಲ ಅಮ್ಮ. ಸರಿ ಮಾಡಿಸ್ಕೊಂಡು ಬನ್ನಿ, ಪಾಸ್ ಮಾಡ್ತೀನಿ. ಆಗಲ್ಲ ಅನ್ನೋ ಹಾಗಿದ್ರೆ ಸುಮ್ನೆ ಅಲೆದಾಡ್ಬೇಡಿ, ಗುಜರಿಗೆ ಕೊಟ್ಬಿಡಿ."

ಗುಜರಿ ಅನ್ನುವ ಮಾತಿಗೆ ಅಕ್ಕನ ಮುಖ ಸಣ್ಣಗಾಯಿತು. ಅದನ್ನು ನೋಡಲಾರದೆ ನಾನು, ಯಾರೂ ಕೇಳದಿದ್ದರೂ, ಮಧ್ಯೆ ಬಾಯಿ ಹಾಕಿದೆ. "ನಾನೇ ವೆಲ್ಡರು ಸ್ವಾಮಿ. ನಾಕೇ ದಿನ. ಐದನೇ ದಿನ ತಂದು ನಿಲ್ಲುಸ್ತೀನಿ." ಅವತ್ತು ಹೇಳಿದ ಆ ನಾಲ್ಕು ದಿನವನ್ನು ನನ್ನ ಹೆಂಡತಿ ಈಗಲೂ ಮದುವೆ ಮನೆ, ತಿಥಿ ಮನೆ ಎನ್ನದೆ ನೆಂಟರ ಮುಂದೆ ಎತ್ತುತ್ತಾಳೆ.

ನಾನು ಕ್ಯಾತನಹಳ್ಳಿಯವನು. ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದು ರಿಟೈರ್ ಆದೆ. ಈಗ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಬ್ಬಿನ ಟ್ರೈಲರುಗಳ ಮುರಿದ ಸೊಂಟ ಕೂಡಿಸುತ್ತೇನೆ, ಕೊಟ್ಟಿಗೆಗಳಿಗೆ ಗೇಟು ಮಾಡಿಕೊಡುತ್ತೇನೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಓಡುವ ಟ್ರೈಲರುಗಳಲ್ಲಿ ನನ್ನ ಕೈಯ ಬೆಸುಗೆ ಇಲ್ಲದ್ದು ಸಿಗುವುದು ಕಷ್ಟ. ಈ ಮಾತನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಜಂಬ ಅನ್ನುತ್ತಾರೆ. ಇದೆ, ಇಲ್ಲ ಎಂದು ಯಾರು ಹೇಳಿದರು?

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ಕಿಕ್ಕೇರಿಗೆ ಕೊಟ್ಟಿದ್ದು. ಭಾವ ಟ್ಯಾಕ್ಸಿ ಓಡಿಸುತ್ತಿದ್ದರು, ಇದೇ ಬಿಳಿ ಅಂಬಾಸಡರು. ಆ ಹೋಬಳಿಯಲ್ಲಿ ಗಂಡು ಹೆಣ್ಣನ್ನು ಛತ್ರದಿಂದ ಮನೆಗೆ ಕರೆದುಕೊಂಡು ಹೋಗಲು ಈ ಕಾರೇ ಆಗಬೇಕಿತ್ತು. ಎದೆಯ ಮೇಲೆ ಟ್ಯಾಕ್ಸಿ ಡ್ರೈವರುಗಳ ಹಿತ್ತಾಳೆಯ ಬಿಲ್ಲೆ ಸಿಕ್ಕಿಸಿಕೊಂಡು, ಹೂವಿನ ಹಾರ ಹಾಕಿದ ಕಾರಿನ ಪಕ್ಕ ಭಾವ ನಿಂತರೆ ಮದುವೆ ಗಂಡು ಯಾರು ಎಂದು ಒಂದು ಗಳಿಗೆ ಅನುಮಾನ ಬರುತ್ತಿತ್ತು.

ಅವರಿಗೆ ಎರಡು ವಿಷಯದಲ್ಲಿ ಹಟ. ಒಂದು, ಬಾಗಿಲು. ಯಾರಾದರೂ ದಢಾರ್ ಎಂದು ಹಾಕಿದರೆ ಕಾರು ನಿಲ್ಲಿಸಿಯೇ ಬಿಡುತ್ತಿದ್ದರು. "ಎಲ್ಡು ಬೆಳ್ಳಲ್ಲಿ ಮುಚ್ಚಿದ್ರೆ ಮುಚ್ಕತದೆ ಕಣ್ರಪ್ಪ. ಒಡೀಯಕೆ ಅದೇನು ನಿಮ್ಮನೆ ಎಮ್ಮೆನಾ?" ಇನ್ನೊಂದು, ಮಾತು. ಬಾಯಿ ಮುಚ್ಚಿಕೊಂಡು ಭಾವ ಕಾರು ಓಡಿಸಿದ್ದನ್ನು ಯಾರೂ ಕಂಡಿಲ್ಲ. ಅದೂ ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಮಾತಾಡಬೇಕು. ಬಾಡಿಗೆ ಇಲ್ಲದ ದಿನ ಅಕ್ಕನನ್ನು ಕೂರಿಸಿಕೊಂಡು ನಮ್ಮೂರಿಗೆ ಬರುವಾಗ ಅವಳು ಮುಂದಿನ ಸೀಟಿಗೆ ಬಂದರೆ ಬಿಡುತ್ತಿರಲಿಲ್ಲ. "ಓನರಮ್ಮ, ಇಂದೆ ಕೂತ್ಕೊ" ಅನ್ನುತ್ತಿದ್ದರು. ಅವಳು ಹಿಂದೆ ಕೂತು, "ಮುಂದೆ ನೋಡ್ಕಂಡು ಓಡ್ಸಿ" ಅನ್ನುವಳು. "ನೋಡ್ಕಂಡೇ ಓಡುಸ್ತಾವ್ನಿ, ಸುಮ್ಕಿರು" ಅನ್ನುವರು ಅವರು, ಅದನ್ನೂ ಹಿಂದಕ್ಕೆ ತಿರುಗಿಯೇ. ಕಿಕ್ಕೇರಿಯಿಂದ ಚಿನಕುರಳಿ ದಾಟುವವರೆಗೆ ಇದೇ ಎರಡು ಮಾತು.

ಅಕ್ಕನದೂ ಒಂದು ಪದ್ಧತಿ ಇತ್ತು. ಕಾರು ಹತ್ತುವಾಗ ಬಾಗಿಲ ಕೆಳಗಿನ ಆ ಪಟ್ಟಿಯ ಮೇಲೆ ಕಾಲಿಡುತ್ತಿರಲಿಲ್ಲ. ಸೀರೆ ಎತ್ತಿಕೊಂಡು, ಬಲಗಾಲು ಮುಂದಿಟ್ಟು, ದಾಟಿ ಒಳಗೆ ಹೋಗುತ್ತಿದ್ದಳು. ಹೊಸ್ತಿಲನ್ನು ನಮ್ಮ ಕಡೆ ಒಸ್ಲು ಅನ್ನುತ್ತೇವೆ. "ಬಾಗ್ಲು ಅಂದ್ಮೇಲೆ ಅದ್ರ ಕೆಳ್ಗಿರೋದು ಒಸ್ಲು ತಾನೆ? ತುಳುದ್ರೆ ಎಂಗೆ?" ಎಂದು ಕೇಳುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಹಬ್ಬದ ದಿನ ಆ ಪಟ್ಟಿಗೆ ಅರಿಶಿನ ಕುಂಕುಮವನ್ನೂ ಇಡುತ್ತಿದ್ದಳು.

ಭಾವ ತೀರಿಕೊಂಡು ನಾಲ್ಕು ವರ್ಷವಾಯಿತು. ಹಳದಿ ಬೋರ್ಡು ತೆಗೆಸಿ ಬಿಳಿ ಬೋರ್ಡು ಹಾಕಿಸಿ ಕಾರನ್ನು ಮನೆಯ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ದಿನಾ ಒರೆಸುವಳು. ಇದ್ದಕ್ಕಿದ್ದಂತೆ ಒಂದು ದಿನ ಕೆ.ಆರ್. ಪೇಟೆಯ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಾಲೇಜು ಹುಡುಗಿಯರ ಜೊತೆ ಸರದಿಯಲ್ಲಿ ನಿಂತು ಕಾರು ಕಲಿತಳು. ಲೈಸೆನ್ಸ್ ಬಂದ ದಿನ ನನಗೆ ಫೋನ್ ಮಾಡಿದಳು.

"ಇಷ್ಟು ವರ್ಸ ಇಂದೆ ಕೂತು ಅವರ ಭುಜದ ಮ್ಯಾಲಿಂದ ರೋಡ್ ನೋಡಿವ್ನಿ ಕಣ್ಲಾ. ಒಂದ್ಕಿತ ಮುಂದೆ ಕೂತು ನೋಡ್ಬೇಕು. ಅದೇ ಕಾರಲ್ಲಿ."

ಆಸೆ ಇಷ್ಟೇ. ಆದರೆ ಕಾರಿನ ಕಾಗದದ ಅವಧಿ ಮುಗಿದಿತ್ತು, ಪಾಸ್ ಆಗದೆ ರಸ್ತೆಗೆ ತರುವಂತಿಲ್ಲ. ತಪಾಸಣೆಗೆ ಹೋಗುವಾಗ ನಾನು ಓಡಿಸುವುದು, ಪಾಸಾಗಿ ಬರುವಾಗ ಅವಳು ಓಡಿಸುವುದು ಎಂದು ಮಾತಾಗಿತ್ತು. ಅಲ್ಲಿಯವರೆಗೆ ಸ್ಟೇರಿಂಗು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಳು. ಪಾಸಾಗದ ಕಾರಣ ಅವತ್ತು ಬರುವಾಗಲೂ ನಾನೇ ಓಡಿಸಿದೆ. ಅಕ್ಕ ಹಿಂದೆ ಕೂತು, ಆ ಒಂದು ಹಿಡಿ ಅಕ್ಕಿಯನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು. ಕಾರನ್ನು ನಮ್ಮ ಶೆಡ್ಡಿನಲ್ಲಿ ಬಿಟ್ಟು ಬಸ್ಸು ಹತ್ತುವಾಗ, "ಆಯ್ತದಾ?" ಎಂದು ಕೇಳಿದಳು.

"ಆಗ್ದೆ ಏನು? ಟ್ರೈಲರ್ ಮಾಡೋನಿಗೆ ಕಾರು ಯಾವ ಲೆಕ್ಕ?" ಅಂದೆ.

ಮಾರನೆಯ ದಿನ ಬೆಳಿಗ್ಗೆಯೇ ಶುರು ಮಾಡಿದೆ. ಪೆಟ್ರೋಲ್ ಟ್ಯಾಂಕು ಇಳಿಸಿ, ಬ್ಯಾಟರಿ ಬಿಚ್ಚಿ, ಕಾರನ್ನು ಎತ್ತಿ ಮುಂದಿನ ಚಕ್ರಗಳ ಹತ್ತಿರ ಎರಡು, ಹಿಂದಿನ ಚಕ್ರಗಳ ಹತ್ತಿರ ಎರಡು ಮರದ ದಿಮ್ಮಿ ಕೊಟ್ಟೆ. ಟ್ರೈಲರನ್ನು ನಿಲ್ಲಿಸುವುದೇ ಹಾಗೆ. ಬಾಗಿಲುಗಳು ಅಡ್ಡ ಬರುತ್ತವೆಂದು ಎಡಗಡೆಯ ಎರಡನ್ನೂ ಬಿಚ್ಚಿ ತೆಂಗಿನ ಮರಕ್ಕೆ ಒರಗಿಸಿದೆ. ಕೆಳಗೆ ಮಲಗಿ ಚಾಸಿ ಎಲ್ಲಿದೆ ಎಂದು ಹುಡುಕಿದೆ. ಚಾಸಿ ಅಂದರೆ ಗಾಡಿಯ ಬೆನ್ನುಮೂಳೆ, ಉದ್ದಕ್ಕೂ ಹೋಗುವ ಎರಡು ದಪ್ಪ ಕಬ್ಬಿಣದ ತೊಲೆ. ಟ್ರೈಲರಿಗೆ ಅದೇ ಜೀವ, ಮೇಲಿನದೆಲ್ಲ ಬರೀ ಹೊದಿಕೆ. ಕಾರಿನಲ್ಲಿ ಸರಿಯಾಗಿ ಕಾಣಲಿಲ್ಲ. ಮಣ್ಣು, ಗ್ರೀಸು ಮೆತ್ತಿಕೊಂಡು ಒಳಗೆಲ್ಲೋ ಇರಬೇಕು ಎಂದುಕೊಂಡು ಎದ್ದೆ.

ಗ್ರೈಂಡರ್ ಹಿಡಿದು ಪಟ್ಟಿಯನ್ನು ಉದ್ದಕ್ಕೆ ಸೀಳಿದಾಗ ಗೊತ್ತಾಯಿತು, ಅದು ಪಟ್ಟಿಯಲ್ಲ, ಒಳಗೆ ಟೊಳ್ಳಿರುವ ಉದ್ದನೆಯ ಪೆಟ್ಟಿಗೆ. ಅದರೊಳಗೆ ಒಂದು ಮೊರ ತುಂಬುವಷ್ಟು ಅಕ್ಕಿ. ಕೆಳಗಿನದು ಮುದ್ದೆ ಕಟ್ಟಿ ಕಪ್ಪಾಗಿತ್ತು, ಮೇಲಿನದು ಮಾಸಲು ಹಳದಿ. ನನ್ನ ಹೆಂಡತಿ ಅದನ್ನು ಮೊರಕ್ಕೆ ತುಂಬಿಕೊಂಡು, ಕೈಯಾಡಿಸಿ ಒಣಗಿದ ಸೇವಂತಿಗೆಯ ಎಸಳೊಂದನ್ನು ಎತ್ತಿದಳು.

"ಅಕ್ಸತೆ ಕಣ್ರೀ ಇದು. ಮದ್ವೆ ಅಕ್ಸತೆ."

ಹೌದು, ಅಕ್ಷತೆ. ಎಷ್ಟೋ ಮದುವೆಗಳ ಗಂಡು ಹೆಣ್ಣಿನ ತಲೆಯಿಂದ, ಸೀರೆಯ ಮಡಿಕೆಯಿಂದ, ಪೇಟದ ಸುತ್ತಿನಿಂದ ಉದುರಿದ್ದು. ಭಾವ ಕಾರು ಗುಡಿಸುವಾಗ ಎಡಗಡೆ ಬಾಗಿಲ ಕಡೆಗೆ ಗುಡಿಸುತ್ತಿದ್ದರು, ನೆಲದ ಮೂಲೆಯ ಸಣ್ಣ ಸಂದಿನಿಂದ ಕಾಳು ಕಾಳಾಗಿ ಒಳಗೆ ಇಳಿದಿದೆ. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಕಬ್ಬಿಣವನ್ನು ತಿಂದಿದೆ. ಊರೆಲ್ಲ ಸೇರಿ ಹರಸಿದ ಅಕ್ಕಿ ನಮ್ಮ ಅಕ್ಕನ ಕಾರನ್ನು ಕೊಳೆಸಿತ್ತು. ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಹರಸಿದ ಅಕ್ಕಿಯನ್ನು ತಿಪ್ಪೆಗೆ ಹಾಕಬಾರದೆಂದು ಹೆಂಡತಿ ತೆಂಗಿನ ಬುಡಕ್ಕೆ ಹಾಕಿದಳು.

ಕೊಳೆತದ್ದನ್ನೆಲ್ಲ ಕಿತ್ತು ಹಾಕಿ, ಆ ಜಾಗಕ್ಕೆ ಟ್ರೈಲರಿಗೆ ಹಾಕುವ ಐದು ಎಂ.ಎಂ. ದಪ್ಪದ ಚಾನಲ್ ಕೂಡಿಸಿದೆ. ಚಾನಲ್ಲಿನ ಅಂಚಿಗೆ ಕಾರಿನ ತೆಳು ತಗಡು ಸೇರಿಸುವಾಗ ರಾಡು ತಾಗಿದಲ್ಲೆಲ್ಲ ತೂತು ಬಿತ್ತು. ತೂತಿನ ಮೇಲೆ ತೇಪೆ, ತೇಪೆಯ ಅಂಚಿನಲ್ಲಿ ಇನ್ನೊಂದು ತೂತು, ಅದಕ್ಕಿನ್ನೊಂದು ತೇಪೆ. ನೋಡಲು ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ಗಟ್ಟಿ? ಮೂರು ಟನ್ನು ಕಬ್ಬು ಹೇರಬಹುದಿತ್ತು. ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಮುಗಿಸಿ, ದಿಮ್ಮಿ ತೆಗೆದು ಕಾರು ಇಳಿಸಿ, ಅಕ್ಕನಿಗೆ ಫೋನ್ ಮಾಡಿ ಬರಹೇಳಿದೆ. ಅವಳು ಬಸ್ಸು ಇಳಿದು ಬರುವಷ್ಟರಲ್ಲಿ ಬಾಗಿಲುಗಳನ್ನು ಕೂರಿಸಿಟ್ಟಿರೋಣ ಎಂದು ಎತ್ತಿಕೊಂಡು ಬಂದೆ.

ಬಾಗಿಲು ಮುಚ್ಚಲಿಲ್ಲ.

ಮೇಲಿನ ಮೂಲೆ ಚೌಕಟ್ಟಿಗೆ ಬಡಿಯುತ್ತಿತ್ತು, ಕೆಳಗೆ ಬೆರಳು ತೂರುವಷ್ಟು ಸಂದು. ಹಿಂದಿನದೂ ಹಾಗೆ, ಮುಂದಿನದೂ ಹಾಗೆ. ಕೀಲು ಸಡಿಲಿಸಿ ನೋಡಿದೆ. ಬಿಗಿ ಮಾಡಿ ನೋಡಿದೆ. ಭುಜ ಕೊಟ್ಟು ನೂಕಿದೆ. ಕೊನೆಗೆ ಮರದ ಸುತ್ತಿಗೆ ತಂದು ಬಾಗಿಲಿಗೇ ನಾಲ್ಕು ಬಾರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ. ಅಷ್ಟು ಹೊತ್ತಿಗೆ ಅಕ್ಕ ಊಟದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಗೊತ್ತಿಲ್ಲ.

ಹತ್ತಿರ ಬಂದು ಡಬ್ಬಿ ಕೆಳಗಿಟ್ಟಳು. ಎರಡು ಬೆರಳು ಬಾಗಿಲ ಮೇಲಿಟ್ಟು ತಳ್ಳಿದಳು. ಅದು ಚೌಕಟ್ಟಿಗೆ ಬಡಿದು ಮರಳಿ ಬಂತು. ಇನ್ನೊಮ್ಮೆ ತಳ್ಳಿದಳು.

"ಬಾಗ್ಲೇ ಸರೀಗಿಲ್ಲ ಕಣಕ್ಕ," ಅಂದೆ. "ಮೊದ್ಲಿಂದ್ಲೂ ಸೊಟ್ಟ ಇದ್ದಿರ್ಬೇಕು. ಭಾವ ಎಂಗೋ ನಿಭಾಯ್ಸವ್ರೆ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಅಂದಳು ಅಕ್ಕ. ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ. "ಬುಡ್ಲಾ. ನೀನೂ ಎಷ್ಟು ಅಂತ ಮಾಡೀಯೆ. ಗುಜರಿಯವ್ನಿಗೇ ಯೋಳ್ಬುಡ್ತೀನಿ" ಅಂದಳು.

ನನಗೆ ಕೋಪ ಬಂತು. ಅವಳ ಮೇಲೆ, ಬಾಗಿಲ ಮೇಲೆ, ಸತ್ತ ಭಾವನ ಮೇಲೆ. ನಿಜ ಹೇಳಬೇಕೆಂದರೆ ನಾಚಿಕೆಯಾಗಿತ್ತು, ನನಗೆ ನಾಚಿಕೆಯಾದರೆ ಅದು ಕೋಪದ ವೇಷದಲ್ಲೇ ಬರುವುದು. ಹೋಗಿ ಮನೆಯ ಜಗಲಿಯ ಮೇಲೆ ಕೂತೆ. ಅಕ್ಕ ನೀರು ಕುಡಿಯಲು ಒಳಗೆ ಹೊರಟವಳು ಬಾಗಿಲಲ್ಲಿ ನಿಂತುಬಿಟ್ಟಳು. ಆ ಮನೆ ನಾವಿಬ್ಬರೂ ಹುಟ್ಟಿ ಬೆಳೆದ ಮನೆ. ಅವಳು ಹೊಸ್ತಿಲು ನೋಡಿದಳು, ಬಾಗಿಲ ಚೌಕಟ್ಟು ನೋಡಿದಳು, ಮತ್ತೆ ಹೊಸ್ತಿಲು ನೋಡಿದಳು.

"ನಾವು ಸಣ್ಣೋರಿದ್ದಾಗ ಈ ಒಸ್ಲು ಗೆದ್ಲು ತಿಂದಿತ್ತಲ್ಲ, ಗ್ಯಾಪಕ ಅದಾ ನಿಂಗೆ?" ಎಂದು ಕೇಳಿದಳು. "ಆಚಾರಿ ಬಂದು ಬದ್ಲಾಯಿಸ್ದ. ಮೂರ್ ದಿನ ನಾವು ಕೊಟ್ಗೆ ಬಾಗ್ಲಲ್ಲಿ ಓಡಾಡುದ್ವಿ."

"ಊಂ. ಅದ್ಕೇನೀಗ?"

"ಯಾಕೆ ಕೊಟ್ಗೆ ಬಾಗ್ಲಲ್ಲಿ ಓಡಾಡುದ್ವಿ ಯೋಳು."

"ಆಚಾರಿ ಬಾಗ್ಲುಗೆ ಅಡ್ಡಡ್ಡ ಎಲ್ಡು ಪಟ್ಟಿ ಒಡ್ದಿದ್ನಲ್ಲ, ಮೂಲೆಯಿಂದ ಮೂಲೆಗೆ. ಎಂಗೆ ನುಗ್ಗದು?"

"ಒಸ್ಲು ಕೀಳಕ್ಕೆ ಮುಂಚೆನೇ ಒಡ್ದಿದ್ದ. ಯಾಕ್ಲಾ ಒಡುದ?"

"ಒಸ್ಲು ತಗುದ್ರೆ ಚೌಕಟ್ಟು ಸೊಟ್ಟ ಆಯ್ತದಲ್ಲ, ಆಮೇಲೆ ಬಾಗ್ಲು ಮುಚ್ಚ..." ಎಂದು ಶುರು ಮಾಡಿದ ಮಾತು ನನ್ನ ಬಾಯಲ್ಲೇ ನಿಂತಿತು.

"ನೀನು ಪಟ್ಟಿ ಒಡ್ದಿದ್ಯಾ?" ಎಂದು ಅಕ್ಕ ಕೇಳಿದಳು. ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕದ್ದು ಜಗಲಿಗೇ ಕೇಳಿಸಿತು.

ಆಗ ಅರ್ಥವಾಯಿತು. ಕಾರಿಗೆ ಚಾಸಿ ಇರಲೇ ಇಲ್ಲ. ಅದರ ಮೈಯೇ ಅದರ ಮೂಳೆ, ಆ ಟೊಳ್ಳು ಪೆಟ್ಟಿಗೆಯೇ ಅದರ ತೊಲೆ. ನಾನು ಎರಡು ತುದಿಗೆ ಮಾತ್ರ ದಿಮ್ಮಿ ಕೊಟ್ಟು, ನಡುವಿನ ತೊಲೆ ಕತ್ತರಿಸಿ ತೆಗೆದಿದ್ದೆ. ಕಾರು ನಡು ಬಗ್ಗಿ ಕೂತಿತ್ತು. ಹಾಗೆ ಬಗ್ಗಿದ ಮೈಯನ್ನೇ ಐದು ಎಂ.ಎಂ. ಚಾನಲ್ ಕೊಟ್ಟು ಶಾಶ್ವತ ಮಾಡಿದ್ದೆ. ನಾವೆಲ್ಲ ಪಟ್ಟಿ, ತಗಡು ಅನ್ನುತ್ತಿದ್ದಾಗ ಅಕ್ಕ ಒಬ್ಬಳೇ ಅದನ್ನು ಸರಿಯಾದ ಹೆಸರಿನಿಂದ ಕರೆಯುತ್ತಿದ್ದಳು. ಕಾರ್ಖಾನೆಯಲ್ಲಿ ಸವೆಸಿದ ನನ್ನ ಅಷ್ಟೂ ವರ್ಷದ ಬುದ್ಧಿ ಅವಳ ಒಂದು ಮಾತಿನ ಮುಂದೆ ನಿಲ್ಲಲಿಲ್ಲ.

"ಗುಜರಿಯವ್ನಿಗೆ ಯೋಳ್ಬ್ಯಾಡ," ಅಂದೆ. "ಇನ್ನೊಂದು ಕಿತ ಮಾಡ್ತೀನಿ. ಈ ಸಲ ದಿನ ಯೋಳಲ್ಲ."

ನನ್ನ ಬೆಸುಗೆಯನ್ನು ನನ್ನ ಕೈಯಾರೆ ಕತ್ತರಿಸಿದ್ದು ಜೀವಮಾನದಲ್ಲಿ ಅದೇ ಮೊದಲು. ಒಂದು ದಿನ ಪೂರ್ತಿ ಹಿಡಿಯಿತು. ಅಷ್ಟು ಗಟ್ಟಿಯಾಗಿ ಯಾಕೆ ಮಾಡಿದೆನೋ ಎಂದು ನನ್ನನ್ನೇ ಬೈದುಕೊಂಡೆ. ಶ್ರೀರಂಗಪಟ್ಟಣದಲ್ಲಿ ಗ್ರಿಲ್ ಅಂಗಡಿ ಇಟ್ಟಿರುವ ಹಳೆಯ ಸ್ನೇಹಿತನೊಬ್ಬನ ಹತ್ತಿರ ಹೋಗಿ, ತೆಳು ತಗಡಿಗೆ ಆಗುವ ಸಿ.ಓ.ಟೂ ವೆಲ್ಡಿಂಗ್ ಮಿಷನ್ನು ಕೇಳಿ ತಂದೆ. ರಾಡಿನ ಬದಲು ಕೂದಲೆಳೆಯಂಥ ತಂತಿ ಬರುತ್ತದೆ ಅದರಲ್ಲಿ. ತೆಳು ತಗಡನ್ನೂ ಅಲ್ಲೇ ಅಳತೆಗೆ ಮಡಿಸಿಕೊಂಡು ಬಂದೆ. ಇಷ್ಟು ತೆಳುವಾದದ್ದು ಕಾರನ್ನು ಹೊರುತ್ತದೆ ಎಂದು ನಂಬಲು ನನಗೆ ಎರಡು ದಿನ ಬೇಕಾಯಿತು.

ಅದಕ್ಕೆ ಮುಂಚೆ ಮೈ ನೆಟ್ಟಗಾಗಬೇಕಿತ್ತು. ಆ ಕೆಲಸವನ್ನು ಅಕ್ಕನೂ ನಾನೂ ಸೇರಿ ಮಾಡಿದೆವು. ಬಾಗಿಲುಗಳನ್ನು ಮತ್ತೆ ತೂಗುಹಾಕಿ, ಕಾರಿನ ನಡುವಿಗೆ ಒಂದು ಮರದ ತೊಲೆ, ಅದರ ಕೆಳಗೆ ಸ್ಕ್ರೂ ಜಾಕು. ನಾನು ಕೆಳಗೆ ಮಲಗಿ ಜಾಕು ತಿರುಗಿಸುವುದು, ಅಕ್ಕ ಮೇಲೆ ನಿಂತು ಎರಡು ಬೆರಳಲ್ಲಿ ಬಾಗಿಲು ತಳ್ಳುವುದು.

"ಇನ್ನೊಂದೀಟು."

ಕಾಲು ಸುತ್ತು ತಿರುಗಿಸುತ್ತಿದ್ದೆ. ತಗಡು ಎಲ್ಲೋ ಕಿರ್ ಅನ್ನುತ್ತಿತ್ತು.

"ಇನ್ನೊಂದೀಟು. ಅರ್ಜೆಂಟ್ ಮಾಡ್ಬ್ಯಾಡ್ವೋ."

ನಾನು ಮಲಗಿದ್ದಲ್ಲಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಮಂಚದ ಕೆಳಗೆ ಅಡಗಿಕೊಂಡಾಗಲೂ ಹೀಗೇ ಅವಳ ಪಾದ ನೋಡಿಕೊಂಡು ಕಾಯುತ್ತಿದ್ದೆ. ಎಷ್ಟೋ ವರ್ಷಗಳಿಂದ ನಾವಿಬ್ಬರೂ ಒಂದು ಕೆಲಸವನ್ನು ಹೀಗೆ ಕೂಡಿ ಮಾಡಿರಲಿಲ್ಲ. ಖುಷಿಯಾಯಿತು. ಅದನ್ನು ಹೇಳಲು ನಾಚಿಕೆಯಾಗಿ ಜಾಕಿಗೆ ಗ್ರೀಸ್ ಸಾಲದು ಎಂದು ಗೊಣಗಿದೆ. ಕೊನೆಗೆ ಮೇಲಿಂದ ಟಪ್ ಎಂದು ಸಣ್ಣ ಸದ್ದು ಬಂತು. ಬಾಗಿಲು ಮುಚ್ಚಿತ್ತು. ಅಕ್ಕ ಅದನ್ನು ತೆಗೆದು ಇನ್ನೊಮ್ಮೆ ಮುಚ್ಚಿದಳು. ನಾನು ಎದ್ದು ಬಂದು, ಬಾಗಿಲು ಬಿಚ್ಚಿ, ಆಚಾರಿ ಮಾಡಿದ ಹಾಗೆ ಎರಡೂ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಕಬ್ಬಿಣದ ಪಟ್ಟಿ ಕೂಡಿಸಿದೆ. ಆಮೇಲೇ ಹಳೆಯ ಹೊಸ್ತಿಲ ಉಳಿದ ತುಂಡುಗಳನ್ನು ಕಿತ್ತದ್ದು.

ಅಲ್ಲಿಂದ ಮುಂದಿನ ದಿನಗಳು ಬಹಳ ಚೆನ್ನಾಗಿದ್ದವು. ತೆಳು ತಗಡಿಗೆ ಉದ್ದಕ್ಕೆ ಬೆಸುಗೆ ಎಳೆಯುವಂತಿಲ್ಲ, ಕಾವಿಗೆ ಸೊಟ್ಟಗಾಗುತ್ತದೆ. ಇಲ್ಲಿ ಒಂದು ಅಂಗುಲ, ಆ ತುದಿಯಲ್ಲಿ ಒಂದು ಅಂಗುಲ, ಮತ್ತೆ ನಡುವೆ ಒಂದು. ಆಮೇಲೆ ಅಂಗೈ ಇಟ್ಟು ನೋಡುವುದು. ಬಿಸಿ ಇದ್ದರೆ ಕೂತು ಕಾಯುವುದು. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಅವರೆಕಾಯಿ ಕಾಲ ಬೇರೆ. ಹೆಂಡತಿ ಒಂದು ಕುಕ್ಕೆ ತಂದು ಪಕ್ಕದಲ್ಲಿಟ್ಟಳು. ಒಂದು ಅಂಗುಲ ಬೆಸುಗೆ, ಒಂದು ಹಿಡಿ ಅವರೆಕಾಯಿ. ಬೆರಳಿಗೆಲ್ಲ ಸೊಗಡು. ಪಕ್ಕದ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ ಬರುತ್ತಿತ್ತು. ಹದಿನೈದು ದಿನ ನಮ್ಮ ಮನೆಯಲ್ಲಿ ಅವರೆಕಾಳಿನ ಸಾರೇ ಸಾರು. "ವರ್ಸಕ್ಕೊಂದು ಇಂಥ ಕಾರು ಬಂದ್ರೆ ಚೆಂದಾಗಿರ್ತದೆ, ಕಾಯಿ ಸುಲಿಯಕ್ಕೆ ಆಳು ಸಿಕ್ದಂಗಾಯ್ತದೆ" ಎಂದು ಅವಳ ವ್ಯಂಗ್ಯ. ನಾನು ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡೆ. ಕೈಯಿಟ್ಟು ನೋಡಿ ಕಾಯುವ ಕೆಲಸ ಇಷ್ಟು ಹಿತವಾಗಿರುತ್ತದೆ ಎಂದು ಕಾರ್ಖಾನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಒಳಗೆ ಬಣ್ಣ ಬಳಿದು, ನೀರು ಇಳಿಯಲು ಕೆಳಗೆ ತೂತು ಬಿಟ್ಟು, ಕೊನೆಯ ತಗಡು ಮುಚ್ಚುವ ದಿನ ಅಕ್ಕ ಬಂದಳು. ಕೈಯಲ್ಲಿ ಒಂದು ಬಟ್ಟಲು, ಬಟ್ಟಲಲ್ಲಿ ಹೊಸದಾಗಿ ಕಲಸಿದ ಅಕ್ಷತೆ.

"ಎಲ್ಲಿಗೆ ಅದು?" ಎಂದು ತಡೆದೆ.

"ಒಸ್ಲು ಕೆಳ್ಗೆ ಏನೂ ಆಕ್ದೆ ಯಾರಾದ್ರೂ ಮುಚ್ತಾರಾ?"

"ಅಕ್ಕಯ್ಯ, ಅಕ್ಕಿನೇ ಇದ್ನ ತಿಂದಿರೋದು!"

"ಅರಸಿದ್ ಅಕ್ಕಿ ಕಣ್ಲಾ."

"ಅರಸಿದ್ದೇ ಇರ್ಲಿ, ನೀರು ಈರ್ಕತದೆ. ನಾನ್ ಆಕಕ್ಕೆ ಬುಡಲ್ಲ."

ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟ ಇಬ್ಬರಿಗೂ ಸಮ. ಅವಳು ನನ್ನನ್ನು ನೋಡುತ್ತ ನಿಂತಳು, ನಾನು ತಗಡು ಹಿಡಿದು ಅಡ್ಡ ನಿಂತೆ. ಕೊನೆಗೆ ಅವಳು ಬಟ್ಟಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಸೊಂಟದಲ್ಲಿ ಸಿಕ್ಕಿಸಿದ್ದ ಎಲೆಅಡಿಕೆ ಚೀಲ ಬಿಚ್ಚಿದಳು. ಅದರೊಳಗಿಂದ ಭಾವನ ಹಿತ್ತಾಳೆ ಬಿಲ್ಲೆ ತೆಗೆದಳು. ಹುಣಸೆಹಣ್ಣು ಹಾಕಿ ಉಜ್ಜಿ ತಂದಿದ್ದಳು, ಅಂಚುಗಳು ಸವೆದಿದ್ದವು.

"ಇದು ನೀರು ಈರ್ಕತದಾ?"

"ಇಲ್ಲ," ಅಂದೆ.

ಬಗ್ಗಿ ಅದನ್ನು ಒಳಗಿಟ್ಟಳು. ಅಲ್ಲಾಡದಂತೆ ಎಲ್ಲಾದರೂ ಸಿಕ್ಕಿಸಬೇಕಿತ್ತು, ಒಂದು ಕೊಕ್ಕೆಯನ್ನಾದರೂ ಮಾಡಬೇಕಿತ್ತು. ನನಗೆ ಹೊಳೆಯಲಿಲ್ಲ. ಮುಖಕ್ಕೆ ಕಪ್ಪು ಗಾಜಿನ 'ಹೆಲ್ಮೆಟ್' ಇಳಿಸಿಕೊಂಡು ತಗಡು ಮುಚ್ಚಿ ಬೆಸೆಯತೊಡಗಿದೆ. ಅಳು ಬಂತು. ವೆಲ್ಡರ್ ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ ಈ ಕಸುಬಿನಲ್ಲಿದೆ.

ನಾಗಮಂಗಲದಲ್ಲಿ ಅದೇ ಇನ್‌ಸ್ಪೆಕ್ಟರು, ಅದೇ ಸ್ಕ್ರೂಡ್ರೈವರ್. ಎಡಗಡೆ ಕೂತು ಒತ್ತಿದರು. ಜಾರಿತು. ಜಾಗ ಬದಲಿಸಿ ಒತ್ತಿದರು, ಮತ್ತೆ ಜಾರಿತು. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿಯಿಂದ ಉದ್ದಕ್ಕೂ ಕುಟ್ಟುತ್ತ ಹೋದರು. ಚೆನ್ನಾದ ಸದ್ದು. ನಾನು ಎದೆಯುಬ್ಬಿಸಿ ನಿಂತಿದ್ದೆ. ಎದ್ದು ನಿಂತವರು ಕಾರನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿದರು. ಒಳಗಿಂದ ಕಿಣಿ ಎಂದಿತು.

"ಒಳಗೆ ಏನೋ ಸಡಿಲ ಇದೆಯಲ್ಲ?"

ಬಿಚ್ಚಿ ತೋರಿಸಿ ಅಂದರೆ ಮತ್ತೆ ಮೊದಲಿನಿಂದ. ನಾನು ಏನೋ ಸುಳ್ಳು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅಕ್ಕ ಹೇಳಿಬಿಟ್ಟಳು.

"ಸಡ್ಲ ಅಲ್ಲ ಸ್ವಾಮಿ. ನಮ್ಮೆಜಮಾನ್ರ ಬಿಲ್ಲೆ. ಇದೇ ಕಾರಲ್ಲಿ ಟ್ಯಾಕ್ಸಿ ಓಡುಸ್ತಿದ್ರು. ಒಸ್ಲು ಮುಚ್ಚುವಾಗ ನಾನೇ ಆಕಿವ್ನಿ."

ಇನ್‌ಸ್ಪೆಕ್ಟರು ಒಂದು ಗಳಿಗೆ ಅವಳನ್ನು ನೋಡಿದರು. ಹಿಂದಿನ ಬಾಗಿಲು ತೆರೆದು, ಮೆಲ್ಲಗೆ ಮುಚ್ಚಿದರು. ಟಪ್ ಎಂದು ಕೂತಿತು. ಕಾಗದದ ಮೇಲೆ ಬರೆದು ಸಹಿ ಹಾಕಿದರು.

"ಯಾರಮ್ಮ ಓಡಿಸೋದು?"

"ನಾನೇ ಸ್ವಾಮಿ."

ನಾನು ಮುಂದಿನ ಎಡಗಡೆ ಬಾಗಿಲಿಗೆ ಕೈ ಹಾಕಿದೆ. ಗೇರು ಗಟ್ಟಿ, ಬ್ರೇಕು ತಡ, ಪಕ್ಕದಲ್ಲಿದ್ದು ಹೇಳಿಕೊಡೋಣ ಎಂದು. ಅಕ್ಕ ಬಿಡಲಿಲ್ಲ. "ಓನರಪ್ಪ, ಇಂದೆ ಕೂತ್ಕಳಪ್ಪ" ಅಂದಳು. ತಾನು ಆ ಕಡೆ ಹೋಗಿ, ಸೀರೆ ಎತ್ತಿಕೊಂಡು, ಹೊಸ್ತಿಲು ದಾಟಿ ಡ್ರೈವರ್ ಸೀಟಿನಲ್ಲಿ ಕೂತಳು. ನಾನು ಹಿಂದೆ, ಎಡಗಡೆ, ನನ್ನದೇ ಬೆಸುಗೆಯ ಮೇಲೆ ಕೂತೆ. ಹತ್ತುವಾಗ ನಾನೂ ಅದನ್ನು ತುಳಿಯಲಿಲ್ಲ.

ಕೆ.ಆರ್. ಪೇಟೆ ದಾರಿ ಹಿಡಿದೆವು. ಮೊದಲು ಸ್ವಲ್ಪ ಜಗ್ಗಿತು, ಆಮೇಲೆ ಹದಕ್ಕೆ ಬಂತು. ಅವಳ ಭುಜದ ಮೇಲಿಂದ ನನಗೆ ರಸ್ತೆ ಕಾಣುತ್ತಿತ್ತು. ಎದುರಿಗೆ ಹಂಪ್ ಬಂತು. ನಿಧಾನ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನೆ ಕೂತೆ. ಮುಂದಿನ ಚಕ್ರ ದಾಟಿತು, ಹಿಂದಿನದು ದಾಟಿತು, ನನ್ನ ಕಾಲ ಬುಡದಲ್ಲಿ ಬಿಲ್ಲೆ ಕಿಣಿ ಕಿಣಿ ಅಂದಿತು.

ಅಕ್ಕ ತಿರುಗಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು.

"ನೋಡ್ಕಂಡೇ ಓಡುಸ್ತಾವ್ನಿ," ಅಂದಳು. "ಸುಮ್ಕಿರಿ."